ಬದುವಿಗೆ ಹೊಂಗೆ, ಹೊಲಕ್ಕೆ ಜೋಳ

ಮಸ್ಕಿ ಹತ್ತಿರದ ಒಂದು ಕಲಿಕಾ ಕೇಂದ್ರ. ರಾತ್ರಿ ಎಂಟು ಗಂಟೆ. ಅಂದಿನ ಪಾಠದ ಪದ ‘ಹೊಲ’. ಒಬ್ಬ ಅವ್ವ ಬಳಪ ಕೆಳಗಿಟ್ಟು ಕೇಳಿದಳು:

“ಅಕ್ಕೋರೆ, ಗಿಡದಿಂದ ಡೀಸೆಲ್ ಬರತೈತಂತ, ಖರೆ ಏನು? ನಮ್ದು ಎರಡು ಎಕರೆ ಒಣ ಹೊಲ. ಜೋಳ ಬಿಟ್ಟು ಎಣ್ಣೆ ಗಿಡ ಹಾಕೂಣು ಅಂತಾರ ನಮ್ಮ ಮನಿಯವರು.”

ನನಗೆ ಉತ್ತರ ಗೊತ್ತಿರಲಿಲ್ಲ. “ಓದಿ ಹೇಳ್ತೀನಿ ಅವ್ವ” ಎಂದೆ. ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಗಿಡದ ಎಣ್ಣೆಯಿಂದ ಇಂಜಿನ್ ಓಡುವುದು ಖರೆ. ಹೊಂಗೆ ಮರ ನಿಮಗೆ ಗೊತ್ತು. ಕೆಲವು ಕಡೆ ಹುಲಗಲ ಅಂತಾರೆ. ಅದರ ಬೀಜದ ಎಣ್ಣೆಯಿಂದ ಹಿಂದಿನವರು ದೀಪ ಹಚ್ಚುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಡುಪಿ ಶ್ರೀನಿವಾಸ ಎಂಬ ವಿಜ್ಞಾನಿ ಇದ್ದರು. ಅವರು ಮತ್ತು ಅವರ ಜೊತೆಯವರು ತುಮಕೂರು ಜಿಲ್ಲೆಯ ಹಳ್ಳಿಯಲ್ಲಿ ಇದೇ ಎಣ್ಣೆಯಿಂದ ಇಂಜಿನ್ ಓಡಿಸಿ, ಕೊಳವೆ ಬಾವಿಯ ನೀರು ಎತ್ತಿ ತೋರಿಸಿದರು. ಎಣ್ಣೆಗೆ ರಾಸಾಯನಿಕ ಬೆರೆಸಿ ತೆಳುವು ಮಾಡಿದರೆ ಅದೇ ‘ಜೈವಿಕ ಡೀಸೆಲ್’.

ಹಾಗಾದರೆ ಹೊಲದ ತುಂಬ ಎಣ್ಣೆ ಗಿಡ ಹಾಕಬಹುದಲ್ಲ? ಇಲ್ಲಿ ಒಂದು ಕಥೆ ಇದೆ. ಕಾಡು ಔಡಲದ ಕಥೆ. ಇದಕ್ಕೆ ಜತ್ರೋಪ ಎಂಬ ಹೆಸರೂ ಇದೆ. 2003ರಲ್ಲಿ ದೆಹಲಿಯ ಯೋಜನಾ ಆಯೋಗದ ಸಮಿತಿ ಈ ಗಿಡ ಬೆಳೆಸಲು ಹೇಳಿತು. ಇದಕ್ಕೆ ನೀರು ಬೇಡ, ಗೊಬ್ಬರ ಬೇಡ, ಬರಡು ನೆಲ ಸಾಕು ಎಂದು ಪ್ರಚಾರವಾಯಿತು. ಈ ಗಿಡವನ್ನು ದನ ತಿನ್ನಲ್ಲ. ನಿಜ. ಬರಗಾಲದಲ್ಲೂ ಸಾಯಲ್ಲ. ಅದೂ ನಿಜ. ಆದರೆ ಗಿಡ ಜೀವ ಹಿಡಿಯೋದು ಬೇರೆ, ಕಾಯಿ ಬಿಡೋದು ಬೇರೆ. ನೀರು ಗೊಬ್ಬರ ಇಲ್ಲದ ಕಡೆ ಬೀಜ ಬಹಳ ಕಡಿಮೆ ಬಂತು. 2011-12ರ ಹೊತ್ತಿಗೆ ಡೀಸೆಲ್ಲಿನಲ್ಲಿ ನೂರಕ್ಕೆ 20 ಪಾಲು ಇಂಥ ಎಣ್ಣೆ ಬೆರೆಸುವ ಗುರಿ ಇತ್ತು. ಗುರಿ ಮುಟ್ಟಲಿಲ್ಲ. ಎಷ್ಟೋ ರೈತರು ಗಿಡ ಕಿತ್ತರು. ಹೋದ ವರ್ಷಗಳು ತಿರುಗಿ ಬರಲಿಲ್ಲ.

(ಈ ಗಿಡದ ಬೀಜ ವಿಷ. ಮಕ್ಕಳು ಶೇಂಗಾ ಎಂದು ತಿಂದು ಆಸ್ಪತ್ರೆ ಸೇರಿದ್ದುಂಟು. ಬೇಲಿಯಲ್ಲಿದ್ದರೆ ಮಕ್ಕಳಿಗೆ ತೋರಿಸಿ ಹೇಳಿರಿ.)

ಹೊಂಗೆಯ ಗುಣ ಬೇರೆ. ಶೇಂಗಾ ಗಿಡ ಕಿತ್ತಾಗ ಬೇರಿಗೆ ಸಣ್ಣ ಗಂಟು ಕಾಣ್ತಾವಲ್ಲ? ಹೊಂಗೆ ಬೇರಿಗೂ ಅಂಥ ಗಂಟು ಇರುತ್ತವೆ. ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡುತ್ತವೆ. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿ ಒಳ್ಳೆ ಗೊಬ್ಬರ. ಆದರೆ ತಾಳ್ಮೆ ಬೇಕು. ಬೀಜ ಊರಿ ಬೆಳೆಸಿದ ಮರ ಕಾಯಿ ಬಿಡಲು ನಾಲ್ಕೈದು ವರ್ಷ. ಅದೂ ಒಂದು ಮರ ಗೊಂಚಲು ಗೊಂಚಲು ಕಾಯಿ ಬಿಟ್ಟರೆ, ಪಕ್ಕದ ಮರ ಬರಿದೇ ನಿಂತಿರುತ್ತದೆ. ಅದಕ್ಕೇ ವಿಜ್ಞಾನಿಗಳು ಚೆನ್ನಾಗಿ ಫಲ ಕೊಡುವ ತಾಯಿಮರ ಹುಡುಕುತ್ತಾರೆ. ಅದರ ಟೊಂಗೆಯಿಂದ ಕಸಿ ಮಾಡುತ್ತಾರೆ. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಇಂಥ ಕೆಲಸಕ್ಕೇ ಜೈವಿಕ ಇಂಧನ ಉದ್ಯಾನ ಇದೆ. ಅಲ್ಲಿ ಹೇಳುವುದು ಹೊಲ ಬಿಟ್ಟು ಬದುವಿನಲ್ಲಿ, ಬೇಲಿಯಲ್ಲಿ ನೆಡಿರಿ ಎಂದು. ನಮ್ಮ ರಾಜ್ಯದ 2009ರ ಜೈವಿಕ ಇಂಧನ ನೀತಿಯ ದಾರಿಯೂ ಇದೇ. ಒಂದು ಮಾತು: ಮರದ ನೆರಳು ಬಿದ್ದ ಕಡೆ ಜೋಳ ಏಳುವುದಿಲ್ಲ. ಟೊಂಗೆ ಸವರುತ್ತಿರಬೇಕು.

ಸಿಂಧನೂರು ಕಡೆ ಕಾಲುವೆ ನೀರಿದೆ, ಭತ್ತ ಇದೆ. ಅಕ್ಕಿ ಗಿರಣಿಯ ಹೊಟ್ಟೂ ಉರುವಲು. ಅದರಿಂದ ಯಾರ ಊಟವೂ ಕಡಿಮೆ ಆಗಲ್ಲ. ಈಗ ಅಕ್ಕಿ, ಮೆಕ್ಕೆಜೋಳದಿಂದಲೇ ಎಥನಾಲ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ. ಅದು ಸರಿಯೋ ತಪ್ಪೋ, ನೀವೇ ಕೂತು ಮಾತಾಡಿರಿ.

ತೆಲಂಗಾಣದಲ್ಲಿ ಪವರ್‌ಗುಡ ಎಂಬ ಸಣ್ಣ ಊರಿದೆ. ಆಗ ಅದು ಆದಿಲಾಬಾದ್ ಜಿಲ್ಲೆಗೆ ಸೇರಿತ್ತು. ಅಲ್ಲಿನ ಗೋಂಡ ಹೆಣ್ಣುಮಕ್ಕಳ ಸಂಘ ಹೊಂಗೆ ಬೆಳೆಸಿತು, ಎಣ್ಣೆ ಗಾಣ ನಡೆಸಿತು. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಶೋಧನಾ ಕೇಂದ್ರ ಜೊತೆಗಿತ್ತು. ಡೀಸೆಲ್ ಬದಲು ಹೊಂಗೆ ಎಣ್ಣೆ ಉರಿಸಿದರೆ 147 ಟನ್ ಇಂಗಾಲದ ಅನಿಲ ಗಾಳಿಗೆ ಸೇರುವುದು ತಪ್ಪುತ್ತದೆ ಎಂದು ಲೆಕ್ಕ ಹಾಕಿದರು. ಅದಕ್ಕಾಗಿ 2003ರಲ್ಲಿ ವಿಶ್ವಬ್ಯಾಂಕ್ 645 ಡಾಲರ್ ಕೊಟ್ಟಿತು. ಆಗಿನ ಸುಮಾರು 29,000 ರೂಪಾಯಿ. ರೊಕ್ಕ ಬಂದದ್ದು ಹೆಣ್ಣುಮಕ್ಕಳ ಸಂಘಕ್ಕೆ.

ಮುಂದಿನ ವಾರ ಆ ಅವ್ವನಿಗೆ ಇಷ್ಟು ಹೇಳಿದೆ: “ಎರಡು ಎಕರೆ ಜೋಳಕ್ಕೇ ಇರಲಿ. ಬದುವಿಗೆ ಹೊಂಗೆ ನೆಡಿರಿ. ನೆಡೋಕಿಂತ ಮೊದಲು, ಬೀಜ ಯಾರು ಕೊಳ್ತಾರೆ ಅಂತ ಲಿಂಗಸುಗೂರು ಸಂತ್ಯಾಗ ಕೇಳಿ ಬರ್ರಿ.”

“ನಾನೇ ಹೋಗ್ತೀನಿ” ಅಂದಳು. “ಅಂಗಡಿ ಹೆಸರು ಈಗ ಓದಾಕ ಬರತೈತಿ.”

ಲೆಕ್ಕ ಮಾಡಿರಿ:
4 ಕಿಲೋ ಹೊಂಗೆ ಬೀಜ ಗಾಣಕ್ಕೆ ಹಾಕಿದರೆ ಸುಮಾರು 1 ಕಿಲೋ ಎಣ್ಣೆ. ಉಳಿದದ್ದು ಹಿಂಡಿ. ನಿಮ್ಮ ಸಂಘದವರು 60 ಕಿಲೋ ಬೀಜ ಆರಿಸಿದ್ದೀರಿ. ಎಣ್ಣೆ ಎಷ್ಟು? ಹಿಂಡಿ ಎಷ್ಟು?
ಬೀಜ, ಎಣ್ಣೆ, ಹಿಂಡಿ ಮೂರರ ದರ ಕೇಳಿ ಬರೆಯಿರಿ. ಗಾಣದ ಕೂಲಿ ಕಳೆಯಿರಿ. ಬೀಜವನ್ನೇ ಮಾರಿದರೆ ಎಷ್ಟು ರೂಪಾಯಿ? ಎಣ್ಣೆ ತೆಗೆಸಿ ಮಾರಿದರೆ ಎಷ್ಟು?