ವೀಸಾಗಿಂತ ಮೊದಲು ಕಸ್ಟೋಡಿಯನ್

ಮಗನನ್ನೋ ಮಗಳನ್ನೋ ಕೆನಡಾದ ಹೈಸ್ಕೂಲಿಗೆ ಅಥವಾ ಪಿಯುಸಿ ಮುಗಿದ ಕೂಡಲೇ ಅಲ್ಲಿನ ಕಾಲೇಜಿಗೆ ಕಳಿಸಲು ಹೊರಟ ಮನೆಗಳಲ್ಲಿ ಮೊದಲು ಶಾಲೆ ಹುಡುಕುತ್ತಾರೆ, ಆಮೇಲೆ ಫೀಸು, ಬ್ಯಾಂಕ್ ಸಾಲ, ಕೊನೆಗೆ ವೀಸಾ. ಅರ್ಜಿ ತುಂಬಲು ಕೂತಾಗ ಕಸ್ಟೋಡಿಯನ್ (ಅಲ್ಲಿ ತಂದೆತಾಯಿಯ ಬದಲು ಮಗುವಿನ ಹೊಣೆ ಹೊರುವ ಹಿರಿಯರು) ಘೋಷಣಾ ಪತ್ರ ಬಾಕಿಯಿದೆ ಎಂದು ಗೊತ್ತಾಗುತ್ತದೆ. ಆಗ ಟೊರೊಂಟೊದಲ್ಲಿರುವ ಯಾರೋ ಪರಿಚಯದವರಿಗೆ ವಾಟ್ಸ್‌ಆ್ಯಪ್ ಹೋಗುತ್ತದೆ: ‘ಒಂದು ಸಹಿ ಬೇಕಿತ್ತು’. ಈ ಕ್ರಮ ತಲೆಕೆಳಗಾಗಿದೆ. ಅಪ್ರಾಪ್ತ ಮಗುವಿನ ಮಟ್ಟಿಗೆ ಕಸ್ಟೋಡಿಯನ್ ಯಾರೆಂದು ಮೊದಲು ನಿರ್ಧರಿಸಬೇಕು, ಊರು ಮತ್ತು ಶಾಲೆ ಆಮೇಲೆ. ಹೀಗೆ ಹೇಳಲು ಕಾರಣ ಆ ಪತ್ರದ ಒಕ್ಕಣೆಯಲ್ಲೇ ಇದೆ.

ಮೊದಲು ಮಗುವಿನ ವಯಸ್ಸನ್ನೂ ಹೋಗುವ ಪ್ರಾಂತ್ಯವನ್ನೂ ಒಟ್ಟಿಗಿಟ್ಟು ನೋಡಿ. ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರು ಜೊತೆಗೆ ಹೋಗದಿದ್ದರೆ, 17 ತುಂಬದ ವಿದ್ಯಾರ್ಥಿಗೆ ಕೆನಡಾದಲ್ಲಿ ಕಸ್ಟೋಡಿಯನ್ ಕಡ್ಡಾಯ. 17 ದಾಟಿದ್ದು, ಆ ಪ್ರಾಂತ್ಯದ ಕಾನೂನಿನಂತೆ ಇನ್ನೂ ವಯಸ್ಕರಾಗದಿದ್ದರೆ, ಕಸ್ಟೋಡಿಯನ್ ಬೇಕೇ ಎಂಬುದನ್ನು ಅರ್ಜಿ ನೋಡುವ ಅಧಿಕಾರಿ ತೀರ್ಮಾನಿಸುತ್ತಾರೆ. ಒಂಟಾರಿಯೊ, ಆಲ್ಬರ್ಟಾ, ಮ್ಯಾನಿಟೋಬಾ, ಕ್ವಿಬೆಕ್‌ಗಳಲ್ಲಿ 18ಕ್ಕೆ ಪ್ರಾಪ್ತ ವಯಸ್ಸು. ಬ್ರಿಟಿಷ್ ಕೊಲಂಬಿಯಾ, ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್‌ಗಳಲ್ಲಿ 19. ನಮ್ಮಲ್ಲಿ ದ್ವಿತೀಯ ಪಿಯುಸಿ ಮುಗಿಸುವ ಎಷ್ಟೋ ಮಕ್ಕಳಿಗೆ 17 ನಡೆಯುತ್ತಿರುತ್ತದೆ. ಇಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದಾದ 18ರ ಹುಡುಗಿ ವ್ಯಾಂಕೂವರ್‌ನಲ್ಲಿ ಇಳಿದರೆ ಇನ್ನೂ ಒಂದು ವರ್ಷ ಅಪ್ರಾಪ್ತಳೇ. ಹಾಗಾಗಿ 17 ಆಯಿತಲ್ಲ ಎಂದು ಈ ಕಾಗದವನ್ನು ಬಿಟ್ಟು ಅರ್ಜಿ ಹಾಕುವುದು ಜಾಣತನವಲ್ಲ. ಅಧಿಕಾರಿ ಕೇಳಿದ ಮೇಲೆ ಓಡಾಡುವುದಕ್ಕಿಂತ ಮೊದಲೇ ಲಗತ್ತಿಸುವುದು ಸುಲಭ.

ಮುಂದಿನದು ಕಸ್ಟೋಡಿಯನ್‌ರ ಆಯ್ಕೆ. ಅವರು ಕೆನಡಾದ ಪ್ರಜೆ ಅಥವಾ ಅಲ್ಲಿನ ಕಾಯಂ ನಿವಾಸಿ ಆಗಿರಲೇಬೇಕು. ಸಂಬಂಧಿಕರೇ ಆಗಬೇಕೆಂದಿಲ್ಲ. ವರ್ಕ್ ಪರ್ಮಿಟ್ ಮೇಲಿರುವ ಸ್ವಂತ ಸೋದರಮಾವ ಅನರ್ಹ, ಕಾಯಂ ನಿವಾಸಿಯಾದ ಪಕ್ಕದ ಮನೆಯವರು ಅರ್ಹರು. ಘೋಷಣಾ ಪತ್ರದಲ್ಲಿ ಜನ ಹೆಚ್ಚಾಗಿ ಓದದೇ ಬಿಡುವ ಸಾಲೊಂದಿದೆ: ವಿದ್ಯಾರ್ಥಿಯ ವಾಸಸ್ಥಳಕ್ಕೂ ಶಾಲೆಗೂ ಹತ್ತಿರದಲ್ಲಿ ವಾಸಿಸುತ್ತಿದ್ದೇನೆ, ಚಿಕಿತ್ಸೆ ಬೇಕಾಗುವಂಥ ತುರ್ತಿನಲ್ಲಿ ಹೊಣೆ ನಿಭಾಯಿಸಬಲ್ಲೆ ಎಂದು ಕಸ್ಟೋಡಿಯನ್ ಅಲ್ಲಿ ಒಪ್ಪಿಕೊಳ್ಳುತ್ತಾರೆ. ಬ್ರ್ಯಾಂಪ್ಟನ್‌ನಲ್ಲಿರುವವರು ಹ್ಯಾಲಿಫ್ಯಾಕ್ಸ್‌ನಲ್ಲಿ ಓದುವ ಮಗುವಿಗೆ ಈ ಮಾತು ಕೊಟ್ಟರೆ ಅದು ಸುಳ್ಳು ಹೇಳಿಕೆ. ಸಹಿ ಹಾಕುವುದು ನೋಟರಿಯ ಮುಂದೆ ಎಂಬುದೂ ನೆನಪಿರಲಿ. ಶಾಲೆ ಮೊದಲು, ಕಸ್ಟೋಡಿಯನ್ ಆಮೇಲೆ ಎಂಬ ಕ್ರಮ ಕೈಕೊಡುವುದು ಇಲ್ಲಿಯೇ.

ಕಾಗದದ ಕೆಲಸ ಕಷ್ಟದ್ದಲ್ಲ, ಆದರೆ ಎರಡು ದೇಶಗಳಲ್ಲಿ ನಡೆಯಬೇಕು. ನಮೂನೆಯ ಹೆಸರು ಐಎಂಎಂ 5646. ಮೊದಲ ಪುಟಕ್ಕೆ ಕಸ್ಟೋಡಿಯನ್ ಸಹಿ ಹಾಕಿ ಕೆನಡಾದಲ್ಲೇ ನೋಟರಿ ಮಾಡಿಸಬೇಕು. ಎರಡನೆಯ ಪುಟಕ್ಕೆ ತಂದೆತಾಯಿ ಸಹಿ ಹಾಕಿ ಇಲ್ಲಿ ನೋಟರಿ ಮಾಡಿಸಬೇಕು. ಮಗುವಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದರ ವಿಸ್ತಾರ ಇರುವುದು ನಮ್ಮವರ ಹಳೆಯ ತಲೆನೋವು. ಕನ್ನಡದಲ್ಲಿ ಮಾತ್ರ ಇರುವ ಹಳೆಯ ಜನನ ಪ್ರಮಾಣಪತ್ರಕ್ಕೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು, ಮನೆಯವರೇ ಮಾಡಿದ ಅನುವಾದ ನಡೆಯದು. ತಂದೆತಾಯಿ ಬೇರೆಯಾಗಿದ್ದರೆ ಕೌಟುಂಬಿಕ ನ್ಯಾಯಾಲಯದ ಆದೇಶದ ಪ್ರತಿ ಜೊತೆಗಿರಲಿ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ ತಂದೆಯನ್ನು ಮೊದಲು ಹೆಸರಿಸುತ್ತದೆ, ನಿಜ. ಆದರೆ ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿದ್ದರೂ ಮಗುವಿನ ಹೊಣೆಯಿಂದ ದೂರವಿದ್ದರೆ ತಾಯಿಯೇ ಸಹಜ ಪೋಷಕಿಯಾಗಬಹುದು ಎಂದಿತು. ಒಬ್ಬಂಟಿ ತಾಯಂದಿರು ತಮ್ಮ ಸಹಿ ಸಾಲದೆಂದು ಕೈಚೆಲ್ಲಬೇಕಿಲ್ಲ. ಆದರೆ ಹೊಣೆ ತಮ್ಮದೇ ಎಂಬುದಕ್ಕೆ ದಾಖಲೆ ಇಟ್ಟುಕೊಂಡಿರಬೇಕು.

‘ಏಜೆಂಟರೇ ಕಸ್ಟೋಡಿಯನ್ ಕೊಡುತ್ತಾರಲ್ಲ’ ಎನ್ನುವವರಿದ್ದಾರೆ. ಹಣ ಪಡೆದು ಈ ಸೇವೆ ಕೊಡುವ ಸಂಸ್ಥೆಗಳು ಇರುವುದು ನಿಜ, ಎಲ್ಲವೂ ಕೆಟ್ಟವಲ್ಲ. ಆದರೆ ಒಬ್ಬರೇ ಎಷ್ಟು ಮಕ್ಕಳಿಗೆ ಸಹಿ ಹಾಕಿದ್ದಾರೆ, ರಾತ್ರಿ ಎರಡು ಗಂಟೆಗೆ ಯಾರು ಫೋನ್ ಎತ್ತುತ್ತಾರೆ, ತಿಂಗಳಿಗೆ ಎಷ್ಟು ಸಲ ಮಗುವನ್ನು ಕಣ್ಣಾರೆ ನೋಡುತ್ತಾರೆ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ‘ಮಗ ದೊಡ್ಡವನು, ತಾನೇ ನೋಡಿಕೊಳ್ಳುತ್ತಾನೆ’ ಎಂಬುದು ಇನ್ನೊಂದು ಮಾತು. ಇದಕ್ಕೆ ಕಾನೂನಿನ ಬೆಂಬಲವೂ ಸ್ವಲ್ಪ ಇದೆ: ಒಂಟಾರಿಯೊದ 1996ರ ಆರೋಗ್ಯ ಸಮ್ಮತಿ ಕಾಯ್ದೆಯಲ್ಲಿ ಕನಿಷ್ಠ ವಯಸ್ಸೇ ಇಲ್ಲ, ಚಿಕಿತ್ಸೆಯ ಪರಿಣಾಮ ಅರಿಯಬಲ್ಲ ಹುಡುಗ ತಾನೇ ಒಪ್ಪಿಗೆ ಕೊಡಬಹುದು. ಆದರೆ ಪ್ರಜ್ಞೆ ತಪ್ಪಿದ ಮಗು ಏನನ್ನೂ ಅರಿಯಲಾರದು. ಮನೆ ಬಾಡಿಗೆಗೆ ಕೊಟ್ಟವರೊಂದಿಗಿನ ಜಗಳ, ಶಾಲೆಯ ಶಿಸ್ತಿನ ನೋಟಿಸು ಇವಕ್ಕೂ ಎದುರು ಕೂತು ಮಾತಾಡುವ ಹಿರಿಯರು ಬೇಕು. ಅಮ್ಮನೇ ಜೊತೆಗೆ ಹೋಗುವುದಾದರೆ ಕಸ್ಟೋಡಿಯನ್ ಬೇಡ, ಸರಿ. ಆದರೆ ಸಂದರ್ಶಕರಿಗೆ ಸಾಮಾನ್ಯವಾಗಿ ಸಿಗುವುದು 6 ತಿಂಗಳ ವಾಸ. ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಬೇಕು, ಹಾಕಿದ ಮಾತ್ರಕ್ಕೆ ಸಿಕ್ಕೇ ಸಿಗುತ್ತದೆ ಎಂದಲ್ಲ.

ಬೇರೆ ದೇಶ ಆರಿಸಿಕೊಂಡವರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ಇಂಗ್ಲೆಂಡ್‌ನಲ್ಲಿ 16 ತುಂಬದ ಮಗು ಹತ್ತಿರದ ಸಂಬಂಧಿಯಲ್ಲದವರ ಮನೆಯಲ್ಲಿ 28 ದಿನ ಅಥವಾ ಅದಕ್ಕಿಂತ ಹೆಚ್ಚು ಇರುವುದಾದರೆ ಅದು ಖಾಸಗಿ ಪೋಷಣೆ ಎನಿಸಿಕೊಳ್ಳುತ್ತದೆ. ಸ್ಥಳೀಯ ಆಡಳಿತಕ್ಕೆ ಆರು ವಾರ ಮೊದಲೇ ತಿಳಿಸಬೇಕು. ಅಜ್ಜ, ಅಜ್ಜಿ, ಅಣ್ಣ, ಅಕ್ಕ, ತಂದೆತಾಯಿಯ ಒಡಹುಟ್ಟಿದವರು ಹತ್ತಿರದವರು. ಅಪ್ಪನ ದೊಡ್ಡಪ್ಪನ ಮಗ ನಮ್ಮ ಮನೆಯಲ್ಲಿ ಚಿಕ್ಕಪ್ಪನೇ ಆದರೂ ಆ ಕಾನೂನಿಗೆ ಹೊರಗಿನವನು. ಬೋರ್ಡಿಂಗ್ ಶಾಲೆಗೆ ಸೇರಿಸಿದವರು ಅಕ್ಟೋಬರ್, ಫೆಬ್ರುವರಿ, ಮೇ ತಿಂಗಳ ನಡುಗಾಲದ ರಜೆಗಳಲ್ಲಿ ಹಾಸ್ಟೆಲ್ ತೆರೆದಿರುತ್ತದೆಯೇ ಎಂದು ಕೇಳಲಿ. ಇಲ್ಲವಾದರೆ ಗಾರ್ಡಿಯನ್ ಬೇಕಾಗುವುದು ಆಗಲೇ. ಆಸ್ಟ್ರೇಲಿಯಾದಲ್ಲಿ 18 ತುಂಬುವವರೆಗೆ ತಂದೆತಾಯಿ, 21 ದಾಟಿದ ಅರ್ಹ ಸಂಬಂಧಿ ಅಥವಾ ಶಾಲೆಯೇ ಒಪ್ಪಿದ ವಸತಿ ವ್ಯವಸ್ಥೆ, ಇವುಗಳಲ್ಲೊಂದು ಇರಲೇಬೇಕು.

ಹೊರಡುವ ದಿನ ಮಗುವಿನ ಕೈಚೀಲದಲ್ಲಿ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರದ ಪ್ರತಿ, ಘೋಷಣಾ ಪತ್ರದ ಪ್ರತಿ ಇರಲಿ. ಜೊತೆಗೆ ತಂದೆತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರವೂ ಬೇಕು. ಅದರಲ್ಲಿ ನಿಮ್ಮ ವಿಳಾಸ, ಫೋನ್ ಸಂಖ್ಯೆಗಳೂ ಕಸ್ಟೋಡಿಯನ್‌ರ ಹೆಸರು, ವಿಳಾಸ, ಫೋನ್ ಸಂಖ್ಯೆಯೂ ಇರಬೇಕು. ಇವನ್ನೆಲ್ಲ ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಬೇಡಿ. ವಲಸೆ ಕೌಂಟರ್ ಬರುವುದು ಸಾಮಾನು ಕೈಗೆ ಸಿಗುವ ಮೊದಲು. ಕಸ್ಟೋಡಿಯನ್ ವರ್ಷದ ನಡುವೆ ಊರು ಬಿಟ್ಟರೆ ಹೊಸಬರಿಂದ ಹೊಸ ಘೋಷಣಾ ಪತ್ರ ಮಾಡಿಸಿ ಶಾಲೆಗೆ ತಲುಪಿಸಿ.