ಒಡಲಿನ ಉರುವಲು

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ಕುಂದುರ್ಪಿಯ ದುರ್ಗದ ಬೆಟ್ಟವನ್ನು ಹತ್ತಿರಬಹುದು. ಬುಡದಿಂದಲೇ ಓಡುತ್ತಾ ಹೊರಟವರು ಸ್ವಲ್ಪ ಹೊತ್ತಿಗೆ ಏದುಸಿರು ಬಿಟ್ಟು ಬಂಡೆಯ ಮೇಲೆ ಕುಳಿತುಬಿಡುತ್ತಾರೆ. ನಿಧಾನವಾಗಿ ಹೆಜ್ಜೆ ಹಾಕಿದವರು ಮಾತನಾಡುತ್ತಲೇ ಮೇಲೆ ತಲುಪುತ್ತಾರೆ. ಇಬ್ಬರೂ ಉಂಡು ಬಂದದ್ದು ಅದೇ ರಾಗಿಮುದ್ದೆ. ಹಾಗಿದ್ದರೆ ಈ ವ್ಯತ್ಯಾಸವೇಕೆ?

ಮನೆಯ ಒಲೆಯನ್ನು ನೆನೆಯಿರಿ. ಪುಳ್ಳೆಗಳು ಬೇಗ ಹೊತ್ತಿ ಬೇಗ ಆರುತ್ತವೆ. ದಪ್ಪ ಕೊರಡು ಹೊತ್ತಿಕೊಳ್ಳಲು ತಡವಾದರೂ ಬಹಳ ಹೊತ್ತು ಉರಿಯುತ್ತದೆ. ನಮ್ಮ ದೇಹದಲ್ಲಿಯೂ ಇಂತಹ ಬೇರೆ ಬೇರೆ ಉರುವಲುಗಳಿವೆ.

ಮುದ್ದೆಯಲ್ಲಿ ಬಹುಪಾಲು ಇರುವುದು ಪಿಷ್ಟ. ಅದು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ದೊಡ್ಡವರ ರಕ್ತದಲ್ಲಿ ಒಮ್ಮೆಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಎಂದರೆ ಒಂದು ಚಹಾ ಚಮಚದಷ್ಟು ಮಾತ್ರ! ಹೆಚ್ಚಾದುದನ್ನು ದೇಹವು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ: ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಸ್ನಾಯುಗಳು ಸ್ವಲ್ಪ ಜಿಪುಣ; ತಮ್ಮ ಪಾಲನ್ನು ತಾವೇ ಬಳಸಿಕೊಳ್ಳುತ್ತವೆಯೇ ಹೊರತು ರಕ್ತಕ್ಕೆ ಮರಳಿ ಕೊಡುವುದಿಲ್ಲ. ನಾವು ರಾತ್ರಿ ಮಲಗಿರುವಾಗ ಮೆದುಳಿಗೆ ಗ್ಲೂಕೋಸ್ ಒದಗಿಸುವುದು ಪಿತ್ತಜನಕಾಂಗವೇ. ಮೆದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಆದ್ದರಿಂದ ಒಂದು ದಿನ ಏನೂ ತಿನ್ನದಿದ್ದರೆ ಆ ಕಣಜ ಹೆಚ್ಚುಕಡಿಮೆ ಬರಿದಾಗುತ್ತದೆ.

ಎರಡನೆಯ ಉರುವಲು ಕೊಬ್ಬು. ನಮ್ಮ ಹೊಲಗಳ ಕಡಲೆಕಾಯಿ ಬೀಜದ ತೂಕದಲ್ಲಿ ಅರ್ಧದಷ್ಟು ಕೊಬ್ಬೇ ಇದೆ. ಒಂದು ಗ್ರಾಂ ಪಿಷ್ಟದಿಂದ 4 ಕಿಲೋಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಕೊಬ್ಬಿನಿಂದ 9 ದೊರೆಯುತ್ತದೆ. ಆದರೆ ಕೊಬ್ಬು ಉರಿಯಲು ಆಮ್ಲಜನಕ ಬೇಕೇ ಬೇಕು, ಅದೂ ನಿಧಾನವಾಗಿ. ಮೆಲ್ಲಗೆ ಬೆಟ್ಟ ಹತ್ತುವವರ ಸ್ನಾಯುಗಳು ಗ್ಲೂಕೋಸಿನೊಂದಿಗೆ ಕೊಬ್ಬನ್ನೂ ಸಾಕಷ್ಟು ಬಳಸುತ್ತವೆ. ಓಡುವವರಿಗೆ ಅಷ್ಟು ವ್ಯವಧಾನವಿಲ್ಲ. ಅವರ ಸ್ನಾಯುಗಳು ಆಮ್ಲಜನಕಕ್ಕೆ ಕಾಯದೆ ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಶಕ್ತಿ ಪಡೆಯುತ್ತವೆ. ಶಕ್ತಿ ಥಟ್ಟನೆ ಸಿಗುತ್ತದೆ, ಆದರೆ ಸಿಗುವುದು ಸ್ವಲ್ಪ. ಅದಕ್ಕೇ ಬೇಗ ದಣಿವು.

ಊಟ ಹಲವು ದಿನ ಸಿಗದಿದ್ದರೆ? ಕೂಡಿಟ್ಟ ಕೊಬ್ಬು ಕರಗುತ್ತದೆ. ಪಿತ್ತಜನಕಾಂಗವು ಕೊಬ್ಬಿನಿಂದ ಕೀಟೋನ್ ಎಂಬ ವಸ್ತುಗಳನ್ನು ತಯಾರಿಸಿ ಮೆದುಳಿಗೂ ಉಣಿಸುತ್ತದೆ. ಆದರೂ ಮೆದುಳಿಗೆ ಸ್ವಲ್ಪ ಗ್ಲೂಕೋಸ್ ಬೇಕೇ ಬೇಕು. ಕೊಬ್ಬಿನ ಬಹುಭಾಗವನ್ನು ಗ್ಲೂಕೋಸನ್ನಾಗಿ ಮಾಡಲು ದೇಹಕ್ಕೆ ಬಾರದು. ಆಗ ಅದು ಪ್ರೋಟೀನಿಗೆ ಕೈ ಹಾಕುತ್ತದೆ. ಪ್ರೋಟೀನಿಗೆ ಬೇರೆ ಕಣಜವಿಲ್ಲ. ಅದು ತೋಳಿನಲ್ಲಿ, ತೊಡೆಯಲ್ಲಿ, ಹೃದಯದಲ್ಲಿ ಕೆಲಸ ಮಾಡುತ್ತಿರುವ ಸ್ನಾಯುವೇ. ಸೌದೆ ಮುಗಿಯಿತೆಂದು ಮನೆಯ ಜಂತೆಗಳನ್ನು ಕಿತ್ತು ಒಲೆಗೆ ಹಾಕಿದಂತೆ ಇದು.

ಈ ಸ್ಥಿತಿ ನಮ್ಮ ಸೀಮೆಗೆ ಒಮ್ಮೆ ನಿಜವಾಗಿಯೂ ಬಂದಿತ್ತು. 1876ರಿಂದ 1878ರವರೆಗೆ ಮದರಾಸು ಪ್ರಾಂತ್ಯದಲ್ಲಿಯೂ ಮೈಸೂರಿನಲ್ಲಿಯೂ ಭೀಕರ ಕ್ಷಾಮ ತಲೆದೋರಿತು. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಅದನ್ನು ಧಾತು ಈಶ್ವರ ಬರವೆಂದು ಕರೆದರು. ಈಗಿನ ಅನಂತಪುರದ ಭಾಗಗಳು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಯಿತು. ಬಳ್ಳಾರಿ ಜಿಲ್ಲೆಯು ಬಹಳ ನೊಂದ ಜಿಲ್ಲೆಗಳಲ್ಲಿ ಒಂದು.

ಹಸಿದವರಿಗೆ ಸರ್ಕಾರವು ಪರಿಹಾರ ಕಾಮಗಾರಿಗಳನ್ನು ತೆರೆಯಿತು. 1877ರ ಆರಂಭದಲ್ಲಿ ಭಾರತ ಸರ್ಕಾರ ಕಳುಹಿಸಿದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಖರ್ಚು ತಗ್ಗಿಸಲು, ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಅದರ ಮೇಲೆ ಅಲ್ಪ ಕಾಸು ಸಾಕೆಂದು ಗೊತ್ತುಮಾಡಿದನು. ಹೆಂಗಸರಿಗೂ ದುಡಿಯುವ ಮಕ್ಕಳಿಗೂ ಅದಕ್ಕಿಂತ ಕಡಿಮೆ.

ಈಗ ನೀವೇ ಲೆಕ್ಕ ಹಾಕಿ. 100 ಗ್ರಾಂ ಧಾನ್ಯದಿಂದ ಸುಮಾರು 340 ಕಿಲೋಕ್ಯಾಲೊರಿ ಎಂದರೆ, 450 ಗ್ರಾಂನಿಂದ ಸುಮಾರು 1530. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 65 ಕಿಲೋ ತೂಕದ ಗಂಡಸು ಕಷ್ಟದ ಕೆಲಸ ಮಾಡಿದರೆ ದಿನಕ್ಕೆ 3470 ಕಿಲೋಕ್ಯಾಲೊರಿ ಬೇಕು. ಬರದಲ್ಲಿ ಬಡಕಲಾದವರಿಗೆ ಅಷ್ಟು ಬೇಡವೆನ್ನೋಣ. ಆದರೂ ಸುಮ್ಮನೆ ಮಲಗಿ ಉಸಿರಾಡಿಕೊಂಡಿರಲು ಬೇಕಾದುದಕ್ಕಿಂತ ಆ ಕೂಲಿ ಬಹಳ ಹೆಚ್ಚೇನೂ ಇರಲಿಲ್ಲ. ಕೊರತೆಯನ್ನು ತುಂಬಿದ್ದು ಅವರ ಮೈಮಾಂಸವೇ.

ಮದರಾಸಿನ ನೈರ್ಮಲ್ಯ ಆಯುಕ್ತನಾಗಿದ್ದ ವೈದ್ಯ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದನು. ದುಡಿಯುವವನಿಗೆ ಕನಿಷ್ಠ ಸುಮಾರು 680 ಗ್ರಾಂ ಧಾನ್ಯ ಬೇಕು, ಜೊತೆಗೆ ಬೇಳೆಯೂ ತರಕಾರಿಯೂ ಬೇಕು ಎಂಬುದು ಅವನ ವಾದ. ಬೇಳೆಯ ಮಾತನ್ನು ಗಮನಿಸಿರಿ. ಸವೆದ ಸ್ನಾಯುವನ್ನು ಮತ್ತೆ ಕಟ್ಟಲು ಬೇಕಾದ ಪ್ರೋಟೀನು ಬೇಳೆಕಾಳುಗಳಲ್ಲಿ ಹೆಚ್ಚು. ಆದರೆ ಧಾನ್ಯ ಸಾಲದೆ ಬಂದಾಗ ದೇಹವು ಆ ಪ್ರೋಟೀನನ್ನೂ ಉರುವಲಾಗಿ ಸುಟ್ಟುಬಿಡುತ್ತದೆ. ಆದ್ದರಿಂದ ಎರಡೂ ಒಟ್ಟಿಗೆ ಬೇಕು. ಮುದ್ದೆಯ ಜೊತೆ ಬೇಳೆಯ ಸಾರು ಉಣ್ಣುವ ನಮ್ಮ ಹಿರಿಯರ ಊಟದಲ್ಲಿ ಈ ಎರಡೂ ಇವೆ.

1877ರ ಮಾರ್ಚ್ ತಿಂಗಳಲ್ಲಿ ಮದರಾಸು ಸರ್ಕಾರವು ಅಳತೆಯನ್ನು 570 ಗ್ರಾಂ ಧಾನ್ಯ ಮತ್ತು 43 ಗ್ರಾಂ ಬೇಳೆಗೆ ಏರಿಸಿತು. ಬೇಳೆಗೂ ಧಾನ್ಯದಷ್ಟೇ ಶಕ್ತಿಯೆಂದು ಹಿಡಿದರೆ ಇದು ಸುಮಾರು 2080 ಕಿಲೋಕ್ಯಾಲೊರಿ. ಕಾರ್ನಿಶ್ ಕೇಳಿದ 680 ಗ್ರಾಂ ಧಾನ್ಯದಿಂದ ಎಷ್ಟಾಗುತ್ತಿತ್ತು? ಲೆಕ್ಕ ಮಾಡಿ, ಎರಡರ ಅಂತರವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ.