ಗಂಗಾಳದ ಅಂಚಿಗೆ ಚುಂಬಕ ಯಾಕ ಹತ್ತಿತು?



ಕೌಜಲಗಿ ಸಂತೆಯಲ್ಲಿ ನಮ್ಮವ್ವ ಹೊಸ ಸ್ಟೀಲಿನ ಗಂಗಾಳ ಕೊಂಡಿದ್ದಳು. ನಾನು ಹಳೆಯ ಸ್ಪೀಕರಿನ ಚುಂಬಕ ಹಚ್ಚಿ ನೋಡಿದೆ. ತಳಕ್ಕೆ ಹತ್ತಲಿಲ್ಲ, ಬಾಗಿದ ಅಂಚಿಗೆ ಮೆಲ್ಲಗೆ ಹತ್ತಿತು. “ಅವ್ವಾ, ಭಾಂಡೆ ಮಾರಾಂವ ಮೋಸ ಮಾಡ್ಯಾನ, ಇದು ಬರೇ ಕಬ್ಬಿಣ” ಅಂದೆ. ಅವ್ವ ಮುಂದಿನ ಸಂತೆಗೆ ಹೋಗಿ ಅವರ ಜೋಡಿ ಜಗಳಾನೇ ತೆಗೆದಳು. ಆಮೇಲೆ ವಿಜ್ಞಾನದ ಗುರುಗಳನ್ನು ಕೇಳಿದಾಗ ತಪ್ಪು ನಂದೇ ಅಂತ ತಿಳಿಯಿತು.

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಕಬ್ಬಿಣಕ್ಕೆ ಕ್ರೋಮಿಯಂ ಬೆರೆಸಿದ ಮಿಶ್ರಲೋಹ. ಹೆಸರಾದ ಒಂದು ಬಗೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲೋಹದೊಳಗೆ ಒಂದಕ್ಕೊಂದು ಅಂಟಿದ ಸ್ಫಟಿಕದ ಕಾಳುಗಳು ಕಾಣುತ್ತವೆ. ಇದೇ ಅದರ ಸೂಕ್ಷ್ಮರಚನೆ.

ಕಾರ್ಖಾನೆಯಲ್ಲಿ ದಪ್ಪ ಉಕ್ಕನ್ನು ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸುತ್ತಾರೆ. ಇದು ಬಿಸಿ ರೋಲಿಂಗ್. ಚಪಾತಿ ಲಟ್ಟಿಸಿದಂತೆ ಉಕ್ಕು ತೆಳ್ಳಗಾಗುತ್ತದೆ, ಒಳಗಿನ ಕಾಳುಗಳೂ ಚಪ್ಪಟೆಯಾಗುತ್ತವೆ. ಆದರೆ ಕಾವು ಇರುವುದರಿಂದ ಅವುಗಳ ಜಾಗದಲ್ಲಿ ಹೊಸ ಸಣ್ಣ ಕಾಳುಗಳು ಹುಟ್ಟುತ್ತವೆ. ಇದಕ್ಕೆ ಮರುಸ್ಫಟಿಕೀಕರಣ ಎನ್ನುವರು. ಕಾಳು ಸಣ್ಣದಾದಷ್ಟೂ ಉಕ್ಕಿಗೆ ಬಲ ಹೆಚ್ಚು. ಕಾವಿನಲ್ಲಿ ಬಹಳ ಹೊತ್ತು ಬಿಟ್ಟರೆ ಕಾಳು ಮತ್ತೆ ದೊಡ್ಡದಾಗುತ್ತವೆ.

ಇನ್ನೊಂದು ಅಪಾಯ ಐತಿ. 850ರಿಂದ 450 ಡಿಗ್ರಿಯ ನಡುವೆ ಸಾವಕಾಶ ಆರಿದರೆ ಕ್ರೋಮಿಯಂ ಇಂಗಾಲದ ಜೊತೆ ಕೂಡಿ ಕಾಳುಗಳ ಅಂಚಿಗೆ ಸೇರುತ್ತದೆ. ಅದರ ಪಕ್ಕದಲ್ಲಿ ಕ್ರೋಮಿಯಂ ಕಡಿಮೆಯಾಗಿ ಜಂಗು ಹಿಡಿಯಬಹುದು. ಅದಕ್ಕೇ ಸುಮಾರು 1050 ಡಿಗ್ರಿಗೆ ಮತ್ತೆ ಕಾಯಿಸಿ ಬೇಗ ಆರಿಸುತ್ತಾರೆ. ಈ ಉಕ್ಕಿಗೆ ಹೆಸರಾದ ತಮಿಳುನಾಡಿನ ಸೇಲಂ ಕಾರ್ಖಾನೆಗೆ ಬಿಸಿ ರೋಲಿಂಗ್ ವಿಭಾಗ 1995ರಲ್ಲಿ ಬಂತು.

ಹಾಗಾದರೆ ಅಂಚಿಗೆ ಚುಂಬಕ ಯಾಕ ಹತ್ತಿತು? ಗಂಗಾಳ ಮಾಡುವಾಗ ಹಾಳೆಯನ್ನು ತಣ್ಣಗಿದ್ದಾಗಲೇ ಒತ್ತುತ್ತಾರೆ. ಬಾಗಿದ ಕಡೆ ಹೊಸ ಕಾಳು ಹುಟ್ಟಲು ಕಾವಿಲ್ಲ. ಅಲ್ಲಿ ಪರಮಾಣುಗಳ ಜೋಡಣೆಯೇ ಸ್ವಲ್ಪ ಬದಲಾಗಿ ಮಾರ್ಟೆನ್‌ಸೈಟ್ ಆಗುತ್ತದೆ. ಅದಕ್ಕೆ ಚುಂಬಕ ಹತ್ತುತ್ತದೆ. ನಿಕ್ಕಲ್ ಇಲ್ಲದ ಇನ್ನೊಂದು ಬಗೆಗೆ ಎಲ್ಲ ಕಡೆಯೂ ಹತ್ತುತ್ತದೆ. ಅದೂ ಸ್ಟೇನ್‌ಲೆಸ್ ಸ್ಟೀಲೇ, ಖೊಟ್ಟಿ ಅಲ್ಲ.

ಮುಂದಿನ ಸಂತೆಗೆ ಅವ್ವನ ಜೋಡಿ ಹೋಗಿ, “ಕಾಕಾ, ನಂದು ತಪ್ಪಾತ್ರಿ” ಅಂದೆ. ಅವರು ನಕ್ಕು, “ಇರ್ಲಿ ಬಿಡಪಾ, ಶಾಣ್ಯಾ ಅದೀ” ಅಂದರು. ನನಗೆ ಮಾತ್ರ ನಾಚಿಕೆ ಹೋಗಲಿಲ್ಲ.

ನೀವೂ ಮನೆಯ ಗಂಗಾಳಕ್ಕೆ ಚುಂಬಕ ಹಚ್ಚಿ ನೋಡಿರಿ. ಆದರೆ ಒಬ್ಬರನ್ನು ಕಳ್ಳ ಅನ್ನುವ ಮೊದಲು ಕಾರಣ ತಿಳಿದುಕೊಳ್ಳಿರಿ.